ಬಿಟ್ಟಿ ಬಾಗಿಲಿಗೆ 54 ಯೂರೋ

ಗ್ರೀಸ್‌ನ ಥೆಸಲೋನಿಕಿಗೆ ಹೋಗುವವರು ಅಲ್ಲಿನ ಬೈಜಾಂಟೈನ್ (ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ) ಸಂಸ್ಕೃತಿ ಮ್ಯೂಸಿಯಂ ಖಂಡಿತ ನೋಡಿ. ಆದರೆ ಗೂಗಲ್‌ನಲ್ಲಿ ಮೊದಲು ಕಾಣಿಸುವ ಕೊಂಡಿ ಒತ್ತಿ ಟಿಕೆಟ್ ತಗೋಬೇಡಿ. ನಾನು ತಗೊಂಡೆ. ಅದಕ್ಕೇ ಈ ಬರಹ.

ನಾನಿರುವುದು ಜರ್ಮನಿಯಲ್ಲಿ. ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ಚಳಿ ತಡೆಯಲಾಗುತ್ತಿಲ್ಲ ಅಂದರು ಅಂತ ಫೆಬ್ರವರಿ ಮೊದಲ ವಾರ ನಾಲ್ಕು ದಿನಕ್ಕೆ ಥೆಸಲೋನಿಕಿಗೆ ಹೊರಟೆವು. ಹಿಂದಿನ ರಾತ್ರಿ ಮ್ಯೂಸಿಯಂ ಹೆಸರು ಹಾಕಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಒಂದು ಜಾಹೀರಾತು. ಪುಟದ ತಲೆಗೆ ಮ್ಯೂಸಿಯಂ ಹೆಸರು, ಕೆಂಪು ಇಟ್ಟಿಗೆ ಕಟ್ಟಡದ ಫೋಟೋ, ‘ಕ್ಯೂ ನಿಲ್ಲದೆ ಒಳಗೆ ಹೋಗಿ’ ಅನ್ನುವ ಸಾಲು. ಪಕ್ಕದಲ್ಲೇ ‘ಇನ್ನು 3 ಮಾತ್ರ ಉಳಿದಿವೆ’ ಅಂತ ಮಿನುಗುತ್ತಿತ್ತು. ಒಬ್ಬರಿಗೆ 27 ಯೂರೋ. ಜಾಸ್ತಿ ಅನ್ನಿಸಿತು. ಆದರೆ ಅಮ್ಮನ ಮಂಡಿ ನೋವು ನೆನಪಾಯಿತು, ಕ್ಯೂ ತಪ್ಪಿದರೆ ಸಾಕು ಅಂತ 54 ಕಟ್ಟಿದೆ.

ಭಾನುವಾರ ಬೆಳಿಗ್ಗೆ ಕಡಲ ದಂಡೆಯ ಹಳೇ ಗೋಪುರ ವೈಟ್ ಟವರ್ ಹತ್ತಿರದಿಂದ ನಿಧಾನಕ್ಕೆ ನಡೆದು ಹೋದೆವು. ಕ್ಯೂ ಎಲ್ಲಿ? ಬಾಗಿಲಲ್ಲಿ ನಮ್ಮನ್ನು ಬಿಟ್ಟರೆ ಒಬ್ಬ ಅಜ್ಜ, ಎರಡು ಮಕ್ಕಳು, ಅಷ್ಟೇ. ಕೌಂಟರಿನಲ್ಲಿದ್ದ ಹೆಂಗಸಿಗೆ ಫೋನ್ ತೋರಿಸಿದೆ. ಆಕೆ ಕ್ಯೂಆರ್ ಕೋಡನ್ನು ಸ್ಕ್ಯಾನ್ ಕೂಡ ಮಾಡಲಿಲ್ಲ. ಪಿಡಿಎಫ್‌ನ ಕೊನೆಗೆ ಸರಿಸಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟರು: ‘ಪ್ರವೇಶ ಶುಲ್ಕ ಸೇರಿಲ್ಲ.’ ನಾನು ಕೊಂಡಿದ್ದು ಟಿಕೆಟ್ಟೇ ಅಲ್ಲ, ಯಾವುದೋ ಆಡಿಯೋ ಗೈಡ್ ಆ್ಯಪ್.

ಸರಿ, ಬೇರೆ ಟಿಕೆಟ್ ಕೊಡಿ ಅಂತ ಕಾರ್ಡ್ ತೆಗೆದೆ. ಆಕೆ ನಕ್ಕು, ಇವತ್ತು ದುಡ್ಡಿಲ್ಲ ಅಂದರು. ಗ್ರೀಸ್‌ನ ಸರ್ಕಾರಿ ಮ್ಯೂಸಿಯಂಗಳಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತವಂತೆ. ‘0.00 ಯೂರೋ’ ಅಂತ ಅಚ್ಚಾದ ಎರಡು ಚೀಟಿ ಹರಿದು ಕೊಟ್ಟರು. ಅಮ್ಮ ಚೀಟಿ ತಿರುಗಿಸಿ ನೋಡಿ, “ಬಿಟ್ಟಿ ಬಾಗಿಲಿಗೆ ದುಡ್ಡು ಕಟ್ಟಿ ಬಂದ್ಯೇನೋ?” ಅಂದರು. ಮಾಮೂಲಿ ದಿನ ಕೌಂಟರಿನಲ್ಲೇ ಕೊಂಡಿದ್ದರೂ ಅದರ ಅರ್ಧ ಆಗುತ್ತಿರಲಿಲ್ಲ.

ಹೋಗಲಿ, ಆಡಿಯೋನಾದರೂ ಕೇಳೋಣ ಅಂದುಕೊಂಡೆ. ಡೌನ್‌ಲೋಡ್ ಆಗುವಷ್ಟರಲ್ಲಿ ಎರಡು ಕೋಣೆ ದಾಟಿದ್ದೆವು. ಶುರುವಾದದ್ದು ವೈಟ್ ಟವರ್ ಕಥೆ! ಇಡೀ ಊರಿನ ಸುತ್ತಾಟದ ವಿವರಣೆ ಅದು. ಈ ಮ್ಯೂಸಿಯಂ ಬಗ್ಗೆ ಇದ್ದದ್ದು ಒಂದೂವರೆ ನಿಮಿಷ. 1994ರಲ್ಲಿ ತೆರೆಯಿತು, 2005ರಲ್ಲಿ ಕೌನ್ಸಿಲ್ ಆಫ್ ಯೂರೋಪ್‌ನ ಮ್ಯೂಸಿಯಂ ಪ್ರಶಸ್ತಿ ಬಂತು, ಮುಗೀತು. ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿದೆ.

ಅದರ ಅಗತ್ಯವೂ ಇರಲಿಲ್ಲ ಅನ್ನಿ. ಎಲ್ಲ ಕಡೆ ಇಂಗ್ಲಿಷ್ ಫಲಕ ಇದೆ, ಹನ್ನೊಂದು ಕೋಣೆಗಳನ್ನು ಒಂದಾದ ಮೇಲೊಂದು ನೋಡುತ್ತಾ ಹೋದರಾಯಿತು. ಮೊದಮೊದಲ ಕ್ರೈಸ್ತರ ಸಮಾಧಿಗಳ ಗೋಡೆ ಚಿತ್ರಗಳಿವೆ. ಹಳೇ ಕಾಲದ ಮನೆಯೊಂದರ ಊಟದ ಕೋಣೆಯನ್ನು ಮೊಸಾಯಿಕ್ ನೆಲದ ಸಮೇತ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಮ್ಮ ಮಾತ್ರ ಒಂದು ಗಾಜಿನ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಒಳಗೆ 9–10ನೇ ಶತಮಾನದ ಒಂದು ಜೊತೆ ಚಿನ್ನದ ಕಡಗ, ಇದೇ ಊರಿನಲ್ಲಿ ಸಿಕ್ಕಿದ್ದು. ಅಗಲವಾದ ಎರಡು ಅರ್ಧಗಳು, ಸೇರಿಸಲು ಕೀಲು. ಮೇಲೆಲ್ಲ ಚೌಕ ಚೌಕವಾಗಿ ಬಣ್ಣದ ಮೀನಾ ಕೆಲಸ, ಅದರಲ್ಲಿ ಹಕ್ಕಿ, ಎಲೆ. “ಕೀಲು ಕಡಗ ಕಣೋ, ನಮ್ಮಜ್ಜಿ ಹತ್ರ ಇತ್ತು” ಅಂದರು. ಅಜ್ಜಿಯದು ಬೆಳ್ಳಿಯದಂತೆ. ಯಾವ ಆ್ಯಪ್ ಇದನ್ನು ಹೇಳುತ್ತೆ?

ರೂಮಿಗೆ ಬಂದು ದುಡ್ಡು ವಾಪಸ್ ಕೇಳಿ ಮೇಲ್ ಬರೆದೆ. ಮೂರನೇ ಮೇಲ್‌ಗೆ ಉತ್ತರ ಬಂತು: ಕೊಂಡಿ ತೆರೆದಿದ್ದೀರಿ, ಆದ್ದರಿಂದ ‘ಸೇವೆ ಬಳಸಿದಂತೆ’. ಬ್ಯಾಂಕಿಗೆ ದೂರು ಕೊಟ್ಟೆ. ಕಾಸು ಕಟ್ಟುವ ಪುಟದಲ್ಲೇ ‘ಪ್ರವೇಶ ಸೇರಿಲ್ಲ’ ಅಂತ ಇತ್ತು, ನೀವೇ ಒಪ್ಪಿ ಟಿಕ್ ಮಾಡಿದ್ದೀರಿ ಅಂದರು. ಆಮೇಲೆ ಹೋಗಿ ನೋಡಿದೆ. ಹೌದು, ಇತ್ತು. ಬಿಳಿ ಪುಟದಲ್ಲಿ ತಿಳಿ ಬೂದು ಅಕ್ಷರ.

ಹೋಗುವವರು ಹೀಗೆ ಮಾಡಿ. ಮ್ಯೂಸಿಯಂನ ಸ್ವಂತ ತಾಣ ಎಂಬಿಪಿ ಡಾಟ್ ಜಿಆರ್. ಸಮಯ, ದರ ಎಲ್ಲ ಅಲ್ಲೇ ನೋಡಿ. ಚಳಿಗಾಲದ ಮೊದಲ ಭಾನುವಾರಗಳಲ್ಲದೆ ಮಾರ್ಚ್ 6, ಏಪ್ರಿಲ್ 18, ಮೇ 18, ಅಕ್ಟೋಬರ್ 28, ಸೆಪ್ಟೆಂಬರ್‌ನ ಕೊನೆಯ ವಾರಾಂತ್ಯವೂ ಉಚಿತ. ಜನವರಿ 1, ಮಾರ್ಚ್ 25, ಮೇ 1, ಡಿಸೆಂಬರ್ 25 ಮತ್ತು 26 ರಜೆ. ಈಸ್ಟರ್ ಭಾನುವಾರವೂ ಮುಚ್ಚಿರುತ್ತೆ, ಆದರೆ ಅದು ಗ್ರೀಕ್ ಚರ್ಚಿನ ಆರ್ಥಡಾಕ್ಸ್ ಈಸ್ಟರ್. ನಮ್ಮ ಗೋಡೆ ಕ್ಯಾಲೆಂಡರಿನ ಈಸ್ಟರ್ ನಂಬಿ ಹೊರಡಬೇಡಿ, ಎಷ್ಟೋ ವರ್ಷ ಎರಡೂ ಬೇರೆ ಬೇರೆ ವಾರ ಬರುತ್ತವೆ.

ಬೇರೆ ಯಾವುದೇ ತಾಣದಲ್ಲಿ ಕಾಸು ಕಟ್ಟುವ ಮುಂಚೆ ‘ಏನೇನು ಸೇರಿದೆ’ ಅನ್ನುವುದನ್ನು ಕೊನೆಯ ಸಾಲಿನವರೆಗೂ ಓದಿ. ಬೂದು ಅಕ್ಷರವನ್ನೇ ಮೊದಲು ಓದಿ.