‘ಫೆಸ್ಟೆನ್’ ನೋಡಲೋ, ‘ಡಾಗ್‌ಟೂತ್’ ನೋಡಲೋ?

ಮನೆಯೊಳಗಿನ ಕತ್ತಲೆಯ ಬಗ್ಗೆ ಒಂದೇ ಸಿನಿಮಾ ನೋಡುತ್ತೀರಾದರೆ ನಾನು ಹೇಳುವುದು ಡೆನ್ಮಾರ್ಕಿನ ‘ಫೆಸ್ಟೆನ್’ (1998). ಅಪ್ಪನ 60ನೇ ಹುಟ್ಟುಹಬ್ಬದ ಊಟದಲ್ಲಿ ಮಗ ಎದ್ದು ನಿಂತು, ಬಾಲ್ಯದಲ್ಲಿ ಅಪ್ಪ ತನಗೂ ತೀರಿಹೋದ ಅವಳಿ ಸಹೋದರಿಗೂ ಮಾಡಿದ್ದನ್ನು ಹೇಳಿಬಿಡುತ್ತಾನೆ. ಅದನ್ನು ಕೇಳಿದ ಮೇಲೂ ಊಟ ಮುಂದುವರಿಸುವ ನೆಂಟರನ್ನು ನೋಡಿ ಮೈ ನಡುಗಿತು. ಕೈಯಲ್ಲೇ ಹಿಡಿದು ಚಿತ್ರಿಸಿದ ಪುಟ್ಟ ಡಿಜಿಟಲ್ ಕ್ಯಾಮೆರಾ ನಮ್ಮನ್ನೂ ಅದೇ ಪಂಕ್ತಿಯಲ್ಲಿ ಕೂರಿಸುತ್ತದೆ.

ಗ್ರೀಸಿನ ‘ಡಾಗ್‌ಟೂತ್’ (2009) ತಣ್ಣಗೆ ಕೊರೆಯುತ್ತದೆ. ಬೆಳೆದ ಮೂವರು ಮಕ್ಕಳು ಬೇಲಿ ದಾಟುವಂತಿಲ್ಲ. ಕೋರೆಹಲ್ಲು ಉದುರಿದರಷ್ಟೇ ಬಿಡುಗಡೆ. ‘ಸಮುದ್ರ’ ಎಂದರೆ ಕುರ್ಚಿ ಎಂದು ಅವರಿಗೆ ಕಲಿಸಲಾಗಿದೆ. ಮಾತನ್ನೇ ಸೆರೆಮನೆ ಮಾಡಿದ ಈ ಕಲ್ಪನೆ ನನ್ನನ್ನು ವಾರಗಟ್ಟಲೆ ಕಾಡಿತು. ಆದರೆ ಬೆಕ್ಕನ್ನು ಕೊಲ್ಲುವ ದೃಶ್ಯವಿದೆ, ಲೈಂಗಿಕ ಹಿಂಸೆಯೂ ಇದೆ. ಮನಸ್ಸು ಕುಗ್ಗಿರುವಾಗ ಖಂಡಿತ ಬೇಡ.