ಟೆಸ್ಲಾ ಮಾಡೆಲ್ 3, ಐದು ವರ್ಷದ ಬಳಕೆ: ಅಪ್‌ಡೇಟ್ ನಡುವೆ ಕೈಕೊಟ್ಟರೆ

ಈ ಕಾರಿನ ಓಟ, ರೇಂಜು, ಸೀಟಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಸಾಫ್ಟ್‌ವೇರ್ ಮಾತು ಮಾತ್ರ. ಕಾರು ಅಮೆರಿಕದ 2020ರ ಮಾಡೆಲ್ 3: ಒಳಗೆ ಪರದೆ ನಡೆಸುವ ಇಂಟೆಲ್ ಆಟಮ್ ಚಿಪ್, ಕಾರು ಓಡಿಸುವ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಸಣ್ಣ ಲೆಡ್ ಆ್ಯಸಿಡ್ ಬ್ಯಾಟರಿ. ರೈಜನ್ ಚಿಪ್ಪಿನ ಹೊಸ ಕಾರುಗಳ ಪರದೆ ಇದಕ್ಕಿಂತ ಚುರುಕು. ಆದರೆ ಅಪ್‌ಡೇಟ್ ಬಂದು ಕೂರುವ ಕ್ರಮದಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

‘ಅಪ್‌ಡೇಟ್ ನಿಂತುಹೋಗಿದೆ’ ಎನ್ನುವ ದೂರುಗಳಲ್ಲಿ ಮುಕ್ಕಾಲು ಪಾಲು ಇನ್‌ಸ್ಟಾಲ್ ಹಂತಕ್ಕೇ ಬಂದಿರುವುದಿಲ್ಲ ಎಂಬುದು ನನ್ನ ಅಂದಾಜು. ಮೊದಲು ಪರದೆಯ ಮೇಲ್ತುದಿಯ ಚಿಹ್ನೆ ನೋಡಿ. ಹಳದಿ ಡೌನ್‌ಲೋಡ್ ಬಾಣ ಇದ್ದರೆ ಕಾರು ವೈಫೈಗೆ ಕಾಯುತ್ತಿದೆ. ಬಾಣ ಹಸಿರಾಗಿದ್ದರೆ ಡೌನ್‌ಲೋಡ್ ಆಗುತ್ತಿದೆ. ಹಳದಿ ಗಡಿಯಾರ ಬಂದಿದ್ದರೆ ಫೈಲು ಪೂರ್ತಿ ಇಳಿದು, ನಿಮ್ಮ ಒಪ್ಪಿಗೆಗೆ ಕಾದು ಕೂತಿದೆ. ಮೂರಕ್ಕೂ ಮದ್ದು ಬೇರೆ ಬೇರೆ, ಗೊತ್ತಿಲ್ಲದೆ ಎಲ್ಲದಕ್ಕೂ ರೀಬೂಟ್ ಮಾಡುತ್ತಾ ಕೂತರೆ ಪ್ರಯೋಜನವಿಲ್ಲ.

ಡೌನ್‌ಲೋಡ್ ಸಿಕ್ಕಿಕೊಂಡರೆ ಗುಮಾನಿ ಪಡಬೇಕಾದ್ದು ರೂಟರ್ ಮೇಲೆ. ವೈಫೈ ಗುರುತು ತುಂಬಿದ್ದರೂ ಅದು ಹೇಳುವುದು ಸಿಗ್ನಲ್ ಇದೆ ಎಂದಷ್ಟೇ, ಇಂಟರ್‌ನೆಟ್ ಬರುತ್ತಿದೆ ಎಂದಲ್ಲ. ಕಾರಿನ ಬ್ರೌಸರ್‌ನಲ್ಲಿ ಯಾವುದಾದರೂ ಪುಟ ತೆರೆದು ನೋಡಿದರೆ ತಿಳಿಯುತ್ತದೆ. ಗ್ಯಾರೇಜು ದೂರವಿದ್ದರೆ 5 ಗಿಗಾಹರ್ಟ್ಜ್‌ಗಿಂತ 2.4 ಗಿಗಾಹರ್ಟ್ಜ್ ಗೋಡೆ ದಾಟಿ ಬರುವುದು ಮೇಲು. ಜಾಹೀರಾತು ತಡೆಯಲು ರೂಟರ್‌ನಲ್ಲೇ ಡಿಎನ್‌ಎಸ್ ಫಿಲ್ಟರ್ ಅಥವಾ ವಿಪಿಎನ್ ಹಾಕಿಕೊಂಡಿದ್ದರೆ ಒಂದು ರಾತ್ರಿ ತೆಗೆದು ನೋಡಿ. ಕೊನೆಗೆ ಫೋನಿನ ಹಾಟ್‌ಸ್ಪಾಟ್ ಇದ್ದೇ ಇದೆ. ಓಡಿಸುತ್ತಲೇ ಇಳಿಸಿಕೊಳ್ಳಬೇಕೆಂದರೆ ವೈಫೈ ಪುಟದಲ್ಲಿ ಆ ನೆಟ್‌ವರ್ಕಿಗೆ ‘ರಿಮೇನ್ ಕನೆಕ್ಟೆಡ್ ಇನ್ ಡ್ರೈವ್’ ಆನ್ ಮಾಡಿರಬೇಕು, ಇಲ್ಲದಿದ್ದರೆ ಗೇರು ಡ್ರೈವಿಗೆ ಬಿದ್ದ ಕೂಡಲೇ ವೈಫೈ ಕಳಚಿಕೊಳ್ಳುತ್ತದೆ. ಭಾರತದಲ್ಲಿ 2025ರ ಜುಲೈನಿಂದ ಮಾಡೆಲ್ ವೈ ಮಾರಾಟದಲ್ಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರಿಗೆ ಈ ಹಾಟ್‌ಸ್ಪಾಟ್ ಉಪಾಯವೇ ಗತಿಯಾದೀತು.

ಇನ್ನೊಂದು ಗೊಂದಲ ನಕ್ಷೆಯದು. ನ್ಯಾವಿಗೇಶನ್ ನಕ್ಷೆಯ ಅಪ್‌ಡೇಟ್ ಬೇರೆಯಾಗಿಯೇ ಬರುತ್ತದೆ, ಹಲವು ಜಿಬಿ ತೂಗುತ್ತದೆ. ಅದು ತೆವಳುತ್ತಿರುವುದನ್ನು ನೋಡಿ ಸಾಫ್ಟ್‌ವೇರೇ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಇನ್‌ಸ್ಟಾಲ್ ಶುರುವಾದ ಮೇಲಿನ ಕಥೆಯೇ ಬೇರೆ. ಒಪ್ಪಿಗೆ ಕೊಟ್ಟ ಮೇಲೆ 2 ನಿಮಿಷದ ಎಣಿಕೆ ನಡೆಯುತ್ತದೆ, ಮನಸ್ಸು ಬದಲಾದರೆ ನಿಲ್ಲಿಸಲು ಅಷ್ಟೇ ಅವಕಾಶ. ಆಮೇಲೆ ಕಾರನ್ನು ಅಲುಗಾಡಿಸುವ ಹಾಗಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಪರದೆ ಕಪ್ಪಾಗುವುದು, ರಿಲೇಗಳು ಟಕ್ ಟಕ್ ಎನ್ನುವುದು, ಫ್ಯಾನ್ ಇದ್ದಕ್ಕಿದ್ದಂತೆ ತಿರುಗುವುದು, ದೀಪ ಮಿನುಗುವುದು ಎಲ್ಲವೂ ಸಹಜ. ಮುಖ್ಯ ಕಂಪ್ಯೂಟರ್ ಮಾತ್ರವಲ್ಲ, ಬ್ರೇಕು, ಚಾರ್ಜರ್, ಬಾಗಿಲಿನಂಥ ಘಟಕಗಳ ಸಣ್ಣ ಕಂಟ್ರೋಲರ್‌ಗಳೂ ಸರದಿಯಲ್ಲಿ ಹೊಸ ಫರ್ಮ್‌ವೇರ್ (ಅವುಗಳೊಳಗೇ ಕೂತಿರುವ ಸಾಫ್ಟ್‌ವೇರ್) ಬರೆಸಿಕೊಳ್ಳುತ್ತವೆ. ಅವುಗಳಲ್ಲಿ ಒಂದು ತಡಮಾಡಿದರೂ ಶೇಕಡಾವಾರು ಅಂಕಿ ಕದಲದೆ ನಿಂತಂತೆ ಕಾಣುತ್ತದೆ. ಪರದೆ ಮಾತ್ರ ಇದನ್ನೊಂದೂ ಹೇಳುವುದಿಲ್ಲ. ಐದು ವರ್ಷದಲ್ಲಿ ಈ ವ್ಯವಸ್ಥೆಗೆ ಅಂಕ ಕಳೆಯಬೇಕೆನಿಸುವುದು ಇದೊಂದಕ್ಕೇ. ‘ಈಗ ಈ ಭಾಗ ನಡೆಯುತ್ತಿದೆ, ಇಷ್ಟು ಹೊತ್ತು ಬೇಕು’ ಎಂದು ಒಂದು ಸಾಲು ಬರೆದಿದ್ದರೆ ಅರ್ಧದಷ್ಟು ಫೋನ್ ಕರೆ ಉಳಿಯುತ್ತಿತ್ತು.

ಹಾಗಾಗಿ ಅಂಕಿ ನಿಂತಿದೆಯೆಂದು ಇನ್‌ಸ್ಟಾಲ್ ನಡುವೆ ಸ್ಟೇರಿಂಗಿನ ಎರಡು ಬದಿಯ ಸ್ಕ್ರಾಲ್ ಬಟನ್ (ಉರುಳಿಸುವ ಗುಂಡಿ) ಒತ್ತಿ ರೀಬೂಟ್ ಮಾಡಬೇಡಿ. 12 ವೋಲ್ಟ್ ಬ್ಯಾಟರಿಯ ತಂತಿ ಕಳಚುವುದಂತೂ ಬೇಡವೇ ಬೇಡ. ಕನಿಷ್ಠ ಎರಡು ಗಂಟೆ ಬಿಟ್ಟುಬಿಡಿ. ಕಾರೊಳಗೆ ಕೂತು ಕಾಯಬೇಡಿ, ಆ ಹೊತ್ತಿನಲ್ಲಿ ಬಾಗಿಲು, ಕಿಟಕಿ ಸರಿಯಾಗಿ ಕೆಲಸ ಮಾಡದಿರಬಹುದು. ಕಾರು ತೆರೆಯುವ ಕೀ ಕಾರ್ಡ್ ಜೇಬಿನಲ್ಲಿರಲಿ. ಚಾರ್ಜ್ ಆಗುತ್ತಿದ್ದರೆ ಅಪ್‌ಡೇಟ್ ಮುಗಿಯುವವರೆಗೆ ನಿಂತು, ಆಮೇಲೆ ತಾನೇ ಮುಂದುವರಿಯುತ್ತದೆ. ಬೆಳಗ್ಗೆ ದೂರದ ಪ್ರಯಾಣವಿದ್ದರೆ ಹಿಂದಿನ ರಾತ್ರಿ ಅಪ್‌ಡೇಟ್ ಇಟ್ಟುಕೊಳ್ಳದಿರುವುದೇ ಜಾಣತನ.

ಎರಡು ಗಂಟೆಯಾದರೂ ಜೀವ ಬಾರದಿದ್ದರೆ, ಅಥವಾ ‘ಅಪ್‌ಡೇಟ್ ವಿಫಲ’ ಎಂಬ ಸಂದೇಶ ಬಂದಿದ್ದರೆ, ಆಗ ರೀಬೂಟ್. ಕಾರು ಪಾರ್ಕ್‌ನಲ್ಲಿರಲಿ. ಎರಡೂ ಸ್ಕ್ರಾಲ್ ಬಟನ್‌ಗಳನ್ನು ಪರದೆ ಕಪ್ಪಾಗುವವರೆಗೆ ಒತ್ತಿ ಹಿಡಿಯಿರಿ. ಅರ್ಧ ನಿಮಿಷದಲ್ಲಿ ಲೋಗೋ ಬರಬೇಕು. ಇದು ಪರದೆಯ ಕಂಪ್ಯೂಟರನ್ನು ಮಾತ್ರ ಏಳಿಸುತ್ತದೆ. ಸಾಲದಿದ್ದರೆ ಕಂಟ್ರೋಲ್ಸ್‌ನ ಸೇಫ್ಟಿ ಪುಟದಲ್ಲಿ ‘ಪವರ್ ಆಫ್’ ಒತ್ತಿ, ಪೂರ್ತಿ 2 ನಿಮಿಷ ಏನನ್ನೂ ಮುಟ್ಟದೆ ಕೂತಿರಿ. ಬಾಗಿಲು ತೆರೆದರೂ ಬ್ರೇಕ್ ತುಳಿದರೂ ಕಾರು ಎದ್ದುಬಿಡುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಆಮೇಲೆ ಬ್ರೇಕ್ ತುಳಿದು ಎಬ್ಬಿಸಿ.

ಮತ್ತೆ ಮತ್ತೆ ವಿಫಲವಾಗುವ ಹಳೆಯ ಕಾರುಗಳಲ್ಲಿ 12 ವೋಲ್ಟ್ ಬ್ಯಾಟರಿ ನೋಡದೆ ಮುಂದೆ ಹೋಗಬೇಡಿ. ಫರ್ಮ್‌ವೇರ್ ಬರೆಯುವಾಗ ಕಂಟ್ರೋಲರ್‌ಗಳಿಗೆ ಬೇಕಾದ ಕರೆಂಟು ಈ ಸಣ್ಣ ಬ್ಯಾಟರಿಯ ಜಾಲದಿಂದಲೇ ಹೋಗಬೇಕು. ವೋಲ್ಟೇಜ್ ಕುಸಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಾರು ಎಚ್ಚರವಿದ್ದಾಗ ಅಳೆದರೆ ದೊಡ್ಡ ಬ್ಯಾಟರಿಯಿಂದ ಬರುವ ಚಾರ್ಜು ಸೇರಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನಿಂತ ಕಾರನ್ನು ಕ್ಯಾಮೆರಾಗಳಿಂದ ಕಾಯುವ ಸೆಂಟ್ರಿ ಮೋಡ್ ಆಫ್ ಮಾಡಿ, ಕಾರು ನಿದ್ದೆ ಹೋದ ಮೇಲೆ ಮಲ್ಟಿಮೀಟರ್ ಹಚ್ಚಿ. 12.4ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ, 12ಕ್ಕಿಂತ ಕೆಳಗಿದ್ದರೆ ಬದಲಿಸುವ ಕಾಲ ಬಂದಿದೆ. 2021ರ ಕೊನೆಯಿಂದ ಬಂದ ಕಾರುಗಳಲ್ಲಿ ಇರುವುದು ಸುಮಾರು 16 ವೋಲ್ಟಿನ ಲಿಥಿಯಂ ಬ್ಯಾಟರಿ, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಸೆಕೆಂಡ್ ಹ್ಯಾಂಡ್ ಮಾಡೆಲ್ ಎಸ್ ಅಥವಾ ಎಕ್ಸ್ ನೋಡುತ್ತಿರುವವರಿಗೆ ಒಂದು ಮಾತು. 2018ರ ಆರಂಭದವರೆಗಿನ ಅನೇಕ ಕಾರುಗಳಲ್ಲಿ 8 ಜಿಬಿಯ ಇಎಂಎಂಸಿ ಎಂಬ ಮೆಮೊರಿ ಚಿಪ್ ಬರೆದು ಬರೆದೇ ಸವೆದು, ಪರದೆ ಸಾಯುತ್ತಿತ್ತು. 2021ರ ಫೆಬ್ರವರಿಯಲ್ಲಿ ಸುಮಾರು 1.35 ಲಕ್ಷ ಕಾರುಗಳ ರೀಕಾಲ್ ಆದದ್ದು ಇದಕ್ಕೇ. ಆ ಚಿಪ್ ಬದಲಾಗಿದೆಯೇ ಎಂದು ಕೇಳದೆ ದುಡ್ಡು ಕೊಡಬೇಡಿ.

ಸರ್ವಿಸ್‌ಗೆ ಆ್ಯಪ್‌ನಲ್ಲಿ ಬರೆಯುವಾಗ ‘ಅಪ್‌ಡೇಟ್ ಆಗ್ತಿಲ್ಲ’ ಎಂದಷ್ಟೇ ಬರೆದರೆ ಪ್ರಶ್ನೆಯ ಮೇಲೆ ಪ್ರಶ್ನೆ ಬರುತ್ತದೆ. ಈಗಿರುವ ಆವೃತ್ತಿಯ ಪೂರ್ತಿ ಸಂಖ್ಯೆ, ನಿಂತ ಅಂಕಿ, ತಾರೀಖು, ನಿಮಿಷದವರೆಗಿನ ಸಮಯ, ಪರದೆಯ ಫೋಟೋ ಸೇರಿಸಿ. ಕಾರು ತಾನೇ ಬರೆದಿಟ್ಟ ದಾಖಲೆ (ಲಾಗ್) ಹುಡುಕುವವರಿಗೆ ಬೇಕಾದ್ದು ಆ ಸಮಯವೇ.