ಜಿಪಿಎಸ್ ವಾಚ್ ಕಟ್ಟಿಕೊಂಡು ಹಾಫ್ ಮ್ಯಾರಥಾನ್: ಎರಡು ವರ್ಷ ಬಳಸಿದ ಮೇಲೆ

ಈ ವಾಚಿನ ಮೇಲೆ ನನಗಿರುವ ದೊಡ್ಡ ಸಿಟ್ಟು ಒಂದೇ. ರೇಸ್ ದಿನ ಅದು ಹೇಳುವ ಕಿಲೋಮೀಟರಿಗೂ ರಸ್ತೆ ಬದಿಯ ಫಲಕಕ್ಕೂ ತಾಳೆಯಾಗುವುದಿಲ್ಲ. ಫಲಕ ಇನ್ನೂ ದೂರ ಇರುವಾಗಲೇ ಕೈಯಲ್ಲಿ ಝುಂ ಅನ್ನುತ್ತದೆ, ಒಂದು ಕಿಲೋಮೀಟರ್ ಮುಗಿಯಿತು ಅಂತ. ಮೊದಲ ಐದು ಕಿಲೋಮೀಟರಿನಲ್ಲಿ ಅಂತರ ಸಣ್ಣದು, ತಲೆಗೆ ಹಾಕಿಕೊಳ್ಳುವುದಿಲ್ಲ. ಹದಿನೈದು ದಾಟಿ ಕಾಲು ಭಾರವಾದಾಗ ನೋಡಬೇಕು. ವಾಚು ಮುಗಿಯಿತು ಅಂದ ಕಿಲೋಮೀಟರಿಗೆ ಇನ್ನೂ ಇನ್ನೂರು ಮೀಟರ್ ಬಾಕಿ ಇರುತ್ತದೆ. ಆ ಹೊತ್ತಿನಲ್ಲಿ ಇನ್ನೂರು ಮೀಟರ್ ಅಂದರೆ ಏನು ಅಂತ ಹಾಫ್ ಓಡಿದವರಿಗೆಲ್ಲ ಗೊತ್ತು.

ಅದರ ತೂಕ, ತೆರೆಯ ಅಳತೆ ಎಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ನನ್ನದು ಬಟನ್ ಇರುವ, ಮಣಿಕಟ್ಟಿನಲ್ಲೇ ಹೃದಯಬಡಿತ ಅಳೆಯುವ, ಒಂದೇ ಬ್ಯಾಂಡಿನ (ಉಪಗ್ರಹದ ಸಿಗ್ನಲನ್ನು ಒಂದೇ ತರಂಗಾಂತರದಲ್ಲಿ ಹಿಡಿಯುವ) ಜಿಪಿಎಸ್ ಇರುವ ಮಧ್ಯಮ ಬೆಲೆಯ ವಾಚು. ಎರಡು ಬ್ಯಾಂಡಿನ ಮಾದರಿ ಆಗ ನನ್ನ ಬಜೆಟ್ ಮೀರಿತ್ತು. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಓಡುವವನು. ವಾರಕ್ಕೆ ನಾಲ್ಕು ಓಟ: ಎರಡು ನಿಧಾನದ್ದು, ಒಂದು ವೇಗದ್ದು, ರಜೆಯ ದಿನ ಒಂದು ಲಾಂಗ್ ರನ್. ಹಾಫನ್ನು ಎರಡು ಗಂಟೆಯೊಳಗೆ ಮುಗಿಸಬೇಕು ಅನ್ನುವ ಆಸೆಗೇ ಈ ವಾಚು ಕೊಂಡಿದ್ದು. ಹಾಗಾಗಿ ಇದರಲ್ಲಿ ನಿದ್ದೆಯ ಅಂಕ ಹೇಗೆ, ಮೆಸೇಜ್ ಹೇಗೆ ಕಾಣುತ್ತದೆ ಅಂತ ನನ್ನನ್ನು ಕೇಳಬೇಡಿ. ಅವನ್ನೆಲ್ಲ ಮೊದಲ ವಾರವೇ ಆಫ್ ಮಾಡಿದ್ದೇನೆ.

ಲೆಕ್ಕ ಹೀಗಿದೆ. ಹಾಫ್ ಮ್ಯಾರಥಾನ್ 21.0975 ಕಿಲೋಮೀಟರ್. ಎರಡು ಗಂಟೆಯೊಳಗೆ ಮುಗಿಸಲು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್ ಬೇಕು. ಆ ಪೇಸಿನಲ್ಲಿ ಓಡಿದರೆ 1 ಗಂಟೆ 59 ನಿಮಿಷ 54 ಸೆಕೆಂಡಿಗೆ ಗೆರೆ ದಾಟಬಹುದು. ಆದರೆ ಓಟ ಮುಗಿದಾಗ ನನ್ನ ವಾಚು ಸಾಮಾನ್ಯವಾಗಿ 21.4 ತೋರಿಸುತ್ತದೆ. ಅಂದರೆ ತೆರೆಯ ಮೇಲೆ ಸರಾಸರಿ 5:41 ಅಂತ ಕಾಣುತ್ತಲೇ ಇದ್ದರೂ ನಾನು ಮುಗಿಸುವುದು 2 ಗಂಟೆ 1 ನಿಮಿಷ 37 ಸೆಕೆಂಡಿಗೆ. ತಿಂಗಳುಗಟ್ಟಲೆ ಕತ್ತಲಲ್ಲಿ ಎದ್ದು ಓಡಿದವನಿಗೆ ಈ ಒಂದೂಮುಕ್ಕಾಲು ನಿಮಿಷ ಸಣ್ಣ ವಿಷಯ ಅಲ್ಲ. ತೆರೆ ನೋಡಿಕೊಂಡೇ ಎರಡು ಗಂಟೆಯೊಳಗೆ ಮುಗಿಸಬೇಕಾದರೆ ಅಲ್ಲಿ 5:36 ಕಾಣಬೇಕು. ಇದನ್ನು ಕೈಪಿಡಿ ಎಲ್ಲೂ ಹೇಳುವುದಿಲ್ಲ. ಕಂಪನಿಯವರಿಗೆ ಬರೆದು ಕೇಳಿದೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಆಕಾಶ ಚೆನ್ನಾಗಿ ಕಾಣುವ ಜಾಗದಲ್ಲಿ ಓಡಿ ಅಂತ ಉತ್ತರ ಬಂತು. ರೇಸಿನ ದಾರಿಯನ್ನು ಆರಿಸುವುದು ನಾನಾ?

ಕಾರಣ ಹುಡುಕುತ್ತಾ ಹೋದಾಗ ಸಿಕ್ಕ ವಿಷಯ ನನಗೆ ತುಂಬಾ ಹಿಡಿಸಿತು. ಪ್ರಮಾಣೀಕರಿಸಿದ ರೇಸ್ ದಾರಿಯನ್ನು ಅಳೆಯುವುದು ಸೈಕಲ್ಲಿನಲ್ಲಿ, ಜಿಪಿಎಸ್‌ನಲ್ಲಿ ಅಲ್ಲ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಒಂದು ಸಣ್ಣ ಎಣಿಕೆ ಯಂತ್ರ ಕೂರಿಸುತ್ತಾರೆ. ಮೊದಲು ಟೇಪು ಹಿಡಿದು ಅಳೆದ ನೇರ ರಸ್ತೆಯಲ್ಲಿ ಸೈಕಲ್ ಓಡಿಸಿ, ಅಷ್ಟು ದೂರಕ್ಕೆ ಎಣಿಕೆ ಎಷ್ಟು ಬರುತ್ತದೆ ಅಂತ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಇಡೀ ದಾರಿಯನ್ನು ಸಾಧ್ಯವಾದಷ್ಟು ಹತ್ತಿರದ ಗೆರೆಯಲ್ಲಿ, ತಿರುವುಗಳಲ್ಲಿ ರಸ್ತೆಯ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ದಾರಿ ಯಾವ ಕಾರಣಕ್ಕೂ ಕಡಿಮೆ ಆಗಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಹಾಫ್‌ಗೆ ಸುಮಾರು 21 ಮೀಟರ್ ಹೀಗೇ ಸೇರುತ್ತದೆ.

ಆ ಹತ್ತಿರದ ಗೆರೆಯಲ್ಲಿ ನಾವು ಯಾರೂ ಓಡುವುದಿಲ್ಲ ಅಲ್ವಾ? ಜನರನ್ನು ದಾಟಲು ಪಕ್ಕಕ್ಕೆ ಸರಿಯುತ್ತೇವೆ. ತಿರುವಿನಲ್ಲಿ ಅಗಲವಾಗಿ ಹೋಗುತ್ತೇವೆ. ನೀರಿನ ಮೇಜಿನ ಕಡೆ ಹೋಗಿ ಮತ್ತೆ ರಸ್ತೆಯ ನಡುವಿಗೆ ಬರುತ್ತೇವೆ. ಹೀಗೆ ನಿಜವಾಗಿಯೂ ಸ್ವಲ್ಪ ಜಾಸ್ತಿ ಓಡಿರುತ್ತೇವೆ. ಅದರ ಮೇಲೆ ಉಪಗ್ರಹದ ಸಿಗ್ನಲ್ ಎತ್ತರದ ಕಟ್ಟಡಕ್ಕೆ ಬಡಿದು ತಿರುಗಿ ಬರುವಾಗ ವಾಚು ನಮ್ಮನ್ನು ರಸ್ತೆಯ ಆಚೆ ಕೂರಿಸುತ್ತದೆ. ಎರಡೂ ಸೇರಿ 21.1 ಹೋಗಿ 21.4 ಆಗುತ್ತದೆ. ಇದು ತಿಳಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇದನ್ನು ಕೊಳ್ಳುವವರಿಗೆ ಮೊದಲೇ ಹೇಳದ ಕಂಪನಿಯ ಮೇಲೆ, ಅದು ಹಾಗೇ ಇದೆ.

ಇದಕ್ಕೆ ಪರಿಹಾರ ಆ ವಾಚಿನಲ್ಲೇ ಇತ್ತು. ಪ್ರತಿ ಕಿಲೋಮೀಟರಿಗೆ ವಾಚೇ ಲೆಕ್ಕ ಮುಗಿಸಿ ಹೊಸದಾಗಿ ಶುರುಮಾಡುವ ಆಟೋ ಲ್ಯಾಪ್ ಆಫ್ ಮಾಡುವುದು, ಪ್ರತಿ ಕಿಲೋಮೀಟರ್ ಫಲಕದ ಹತ್ತಿರ ಲ್ಯಾಪ್ ಬಟನ್ ನಾವೇ ಒತ್ತುವುದು. ನನ್ನ ರೇಸ್ ತೆರೆಯ ಮೇಲೆ ಈಗ ಮೂರೇ ವಿಷಯ: ಈ ಲ್ಯಾಪಿನ ಸಮಯ, ಒಟ್ಟು ಸಮಯ, ಹೃದಯಬಡಿತ. ಪೇಸ್ ಇಲ್ಲ, ದೂರ ಇಲ್ಲ. ಒಂದು ಕಾಗದದ ಪಟ್ಟಿಯ ಮೇಲೆ 5 ಕಿಲೋಮೀಟರಿಗೆ 28:25, 10ಕ್ಕೆ 56:50, 15ಕ್ಕೆ 1:25:15, 20ಕ್ಕೆ 1:53:40 ಅಂತ ಬರೆದು, ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಇನ್ನೊಂದು ಕೈಗೆ ಕಟ್ಟಿಕೊಳ್ಳುತ್ತೇನೆ. ಫಲಕ ಬಂದಾಗ ಬಟನ್ ಒತ್ತುವುದು, ಒಟ್ಟು ಸಮಯ ನೋಡುವುದು, ಪಟ್ಟಿ ನೋಡುವುದು. ಹದಿನೆಂಟನೇ ಕಿಲೋಮೀಟರಿನಲ್ಲಿ ತಲೆ ಮಂಕಾಗಿ ಕೂಡುವುದು ಕಳೆಯುವುದು ಆಗದಿದ್ದಾಗಲೂ ಇಷ್ಟು ಮಾಡಬಹುದು. ಹೀಗೆ ಓಡಿದ ಮೊದಲ ರೇಸಿನಲ್ಲೇ ಎರಡು ಗಂಟೆಯೊಳಗೆ ಮುಗಿಸಿದೆ. ಆವತ್ತು ಆ ಬಟನ್ನಿನ ಮೇಲೆ ಬಂದ ಪ್ರೀತಿ ಇವತ್ತಿಗೂ ಹೋಗಿಲ್ಲ. ಕೊಳ್ಳುವಾಗ ಬಟನ್ ಇರುವ ವಾಚನ್ನೇ ನೋಡಿ ಅನ್ನುವುದು ಇದೇ ಕಾರಣಕ್ಕೆ. ಬೆವರಿದ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಕೇಳುವುದಿಲ್ಲ. ಮಳೆಯಲ್ಲಂತೂ ತಾನಾಗಿಯೇ ತೆರೆ ಬದಲಾಗುತ್ತದೆ.

ಹೃದಯಬಡಿತದ ಬಗ್ಗೆ ಹೇಳಬೇಕಾದ್ದು ಬೇರೆ ಥರದ್ದು. ವಾಚಿನ ಹಿಂಬದಿಯ ಹಸಿರು ದೀಪ ಚರ್ಮದ ಮೇಲೆ ಬೆಳಕು ಬಿಡುತ್ತದೆ. ರಕ್ತ ಹೆಚ್ಚು ಹರಿದಾಗ ಹಸಿರು ಬೆಳಕು ಹೆಚ್ಚು ಹೀರಿಹೋಗುತ್ತದೆ, ತಿರುಗಿ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ಬಡಿತ ಹೇಳುತ್ತದೆ. ಚಳಿಯಲ್ಲಿ ಚರ್ಮಕ್ಕೆ ರಕ್ತ ಕಡಿಮೆ ಬರುವಾಗ, ವಾಚಿನ ಪಟ್ಟಿ ಸಡಿಲ ಇರುವಾಗ, ಅದು ಬಡಿತದ ಬದಲು ಹೆಜ್ಜೆಯ ಕುಲುಕಾಟವನ್ನೇ ಎಣಿಸತೊಡಗುತ್ತದೆ. ನನ್ನ ಹೆಜ್ಜೆ ನಿಮಿಷಕ್ಕೆ 170ರ ಹತ್ತಿರ. ಜೊತೆಯವರೊಡನೆ ಮಾತಾಡಿಕೊಂಡು ಆರಾಮಾಗಿ ಓಡುತ್ತಿರುವಾಗ ತೆರೆಯ ಮೇಲೆ 171 ಅಂತ ಬಂದರೆ ಅದು ಹೃದಯದ್ದಲ್ಲ, ಕಾಲಿನದು. ನಿಂತು, ಪಟ್ಟಿ ಬಿಗಿ ಮಾಡಿ, ಒಂದು ನಿಮಿಷ ನಡೆದರೆ ಸರಿಯಾಗುತ್ತದೆ. ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ ಓಡುವ ಇಂಟರ್ವಲ್ ದಿನ ಇದಕ್ಕೆಲ್ಲ ಪುರುಸೊತ್ತು ಎಲ್ಲಿ? ಕೊನೆಗೆ ಎದೆಗೆ ಕಟ್ಟುವ ಪಟ್ಟಿಯನ್ನು ಬೇರೆಯಾಗಿ ಕೊಂಡೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೆಜ್ಜೆಯ ಗೊಂದಲ ಇಲ್ಲ. ಕಟ್ಟುವ ಮುಂಚೆ ಒಳಬದಿಯನ್ನು ನೀರಲ್ಲಿ ಒದ್ದೆ ಮಾಡಬೇಕು ಅಷ್ಟೇ. ಒಣಗಿದ್ದರೆ ಮೊದಲ ಹತ್ತು ನಿಮಿಷ ಏನೇನೋ ತೋರಿಸುತ್ತದೆ.

ವಾಚು ತಾನಾಗಿ ಹಾಕಿಕೊಡುವ ಹೃದಯಬಡಿತದ ವಲಯಗಳನ್ನೂ (ನಿಧಾನದ ಓಟಕ್ಕೆ ಇಷ್ಟು, ಜೋರು ಓಟಕ್ಕೆ ಇಷ್ಟು ಅನ್ನುವ ಬಡಿತದ ಮಿತಿಗಳು) ಹಾಗೇ ಬಿಡಬೇಡಿ. ಅವು 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಅನ್ನುವ ಹಳೆಯ ಲೆಕ್ಕದ್ದು. ಒಂದೇ ವಯಸ್ಸಿನ ಇಬ್ಬರಲ್ಲಿ ಗರಿಷ್ಠ ಬಡಿತ ಹತ್ತು ಹನ್ನೆರಡು ಆಚೀಚೆ ಇರುವುದು ತೀರಾ ಮಾಮೂಲು. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುವ ಬಡಿತ ಎಲ್ಲಿಯವರೆಗೆ ಅಂತ ನೋಡಿ ನಿಧಾನ ಓಟದ ಮಿತಿಯನ್ನು ನಾನೇ ಹಾಕಿಕೊಂಡೆ.

ಈ ವಾಚಿನಿಂದ ನನಗೆ ಎಣಿಸದೆ ಸಿಕ್ಕ ದೊಡ್ಡ ಸುಖ ಶುರುವಾಗಿದ್ದು ಅಲ್ಲಿಂದ. ಆ ಮಿತಿ ದಾಟಿದರೆ ಕೈಯಲ್ಲಿ ಎರಡು ಸಲ ನಡುಗುವ ಹಾಗೆ ಎಚ್ಚರಿಕೆ ಇಟ್ಟೆ. ಶಬ್ದ ಇಲ್ಲ, ಬರೀ ನಡುಕ. ನಿಧಾನವಾಗಿ ಓಡಿ ಅಂತ ಎಲ್ಲರೂ ಹೇಳುತ್ತಾರೆ. ಯಾರಾದರೂ ಪಕ್ಕದಲ್ಲಿ ದಾಟಿ ಹೋದರೆ ಕಾಲು ತಾನಾಗಿಯೇ ಜೋರಾಗುತ್ತದೆ. ಆಗ ಕೈ ಹಿಡಿದು ತಡೆಯುವವರು ಬೇಕು. ನನ್ನ ಮಾಮೂಲು ದಾರಿಯಲ್ಲಿ ಮೂರನೇ ಕಿಲೋಮೀಟರಿನ ನಂತರ ಒಂದು ಉದ್ದದ ಏರು ಇದೆ. ಶುರುವಿನಲ್ಲಿ ಆ ಏರಿನ ಕಾಲುಭಾಗ ಹತ್ತುವಷ್ಟರಲ್ಲೇ ವಾಚು ನಡುಗುತ್ತಿತ್ತು. ಸುಮ್ನೆ ನಡೆಯುತ್ತಿದ್ದೆ, ಬಡಿತ ಇಳಿದ ಮೇಲೆ ಮತ್ತೆ ಓಡುತ್ತಿದ್ದೆ. ಕೆಲವು ವಾರಗಳ ನಂತರ ಅರ್ಧ ಏರಿಗೆ ನಡುಗಿತು. ಆಮೇಲೆ ತುದಿಯ ಹತ್ತಿರ. ಒಂದು ಬೆಳಿಗ್ಗೆ ಏರು ಪೂರ್ತಿ ಹತ್ತಿ ಆಚೆ ಇಳಿದರೂ ಕೈ ಸುಮ್ಮನೇ ಇತ್ತು. ನಾನು ಓಡುತ್ತಿದ್ದುದು ಅದೇ ಮಿತಿಯೊಳಗೆ, ಮೊದಲಿಗಿಂತ ವೇಗವಾಗಿ.

ಹೀಗಾಗುವುದಕ್ಕೆ ಕಾರಣ ಇದೆ. ನಿಧಾನವಾಗಿ ಜಾಸ್ತಿ ಹೊತ್ತು ಓಡಿದಾಗ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ದೂಡಲು ಕಲಿಯುತ್ತದೆ, ಕಾಲಿನ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಇದೆಲ್ಲ ನಿಧಾನಕ್ಕೆ ಆಗುವ ಕೆಲಸ, ಕನ್ನಡಿಯಲ್ಲಿ ಕಾಣುವುದಿಲ್ಲ. ಆ ಏರಿನಲ್ಲಿ ನನಗೆ ಅದು ಕಂಡಿತು. ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ನುತ್ತೇನೆ.

ದಿನದ ಬಳಕೆ ಈಗ ಪೂರ್ತಿ ರೂಢಿಯಾಗಿದೆ. ಹಿಂದಿನ ರಾತ್ರಿ ಶೂ ಪಕ್ಕದಲ್ಲೇ ಚಾರ್ಜಿಗೆ ಇಡುತ್ತೇನೆ. ಬೆಳಿಗ್ಗೆ ಕಟ್ಟುವಾಗ ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಮಾಮೂಲಿಗಿಂತ ಒಂದು ತೂತು ಬಿಗಿ. ಹೊರಗೆ ಬಂದು ಉಪಗ್ರಹ ಹಿಡಿಯುವವರೆಗೆ ನಿಂತಲ್ಲೇ ಕಾಯುತ್ತೇನೆ. ಆ ಹೊತ್ತಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಪಾದ ತಿರುಗಿಸುವುದು ಮುಗಿದಿರುತ್ತದೆ. ಹಸಿರು ಗುರುತು ಬಂದು ಒಂದು ಸಲ ನಡುಗಿದ ಮೇಲೇ ಸ್ಟಾರ್ಟ್. ಕಾಯದೆ ಹೊರಟರೆ ಮೊದಲ ಕಿಲೋಮೀಟರಿನ ಲೆಕ್ಕ ಅಡ್ಡಾದಿಡ್ಡಿ. ಮನೆಗೆ ಬಂದು ವಾಚನ್ನೂ ಪಟ್ಟಿಯನ್ನೂ ನಲ್ಲಿ ಕೆಳಗೆ ಹಿಡಿದು ತೊಳೆದು, ಒರೆಸಿ, ಕೈ ಪೂರ್ತಿ ಒಣಗುವವರೆಗೆ ಮತ್ತೆ ಕಟ್ಟುವುದಿಲ್ಲ. ಪಟ್ಟಿಯ ಅಡಿಯಲ್ಲಿ ಬೆವರಿನ ಉಪ್ಪು ನಿಂತರೆ ಚರ್ಮ ಕೆಂಪಾಗಿ ತುರಿಸುತ್ತದೆ.

ನನಗೆ ಬೇಡವಾದದ್ದು ಅದರ ಬುದ್ಧಿವಾದ. ರೇಸಿಗೆ ಮುಂಚಿನ ಹತ್ತು ಹದಿನೈದು ದಿನ ಓಟ ಅರ್ಧದಷ್ಟು ಕಡಿಮೆ ಮಾಡಿ ಕಾಲಿಗೆ ಬಿಡುವು ಕೊಡುತ್ತೇವಲ್ಲ, ಆ ಟೇಪರ್ ಸಮಯದಲ್ಲಿ ನಿಮ್ಮ ಫಿಟ್‌ನೆಸ್ ಇಳಿಯುತ್ತಿದೆ ಅಂತ ದಿನಾ ಹೇಳುತ್ತದೆ. ಮೊದಲೇ ಅಳುಕು ಇರುವ ದಿನಗಳು ಅವು. ಹೊಸಬರು ಅದನ್ನು ನೋಡಿ ಕೊನೆಯ ವಾರ ಉದ್ದ ಓಡಲು ಹೊರಟರೆ ಕಷ್ಟ. ಆ ಎಚ್ಚರಿಕೆಯನ್ನು ದಯವಿಟ್ಟು ಆಫ್ ಮಾಡಿ.

ಅದು ಹೇಳುವ ರೇಸ್ ಭವಿಷ್ಯವೂ ಅಷ್ಟೇ. ನಾನು 10 ಕಿಲೋಮೀಟರನ್ನು 54 ನಿಮಿಷಕ್ಕೆ ಓಡಿದ ವಾರ ಅದು ನನಗೆ ಹಾಫ್‌ಗೆ 1 ಗಂಟೆ 51 ನಿಮಿಷ ಕೊಟ್ಟಿತ್ತು. ಪೀಟ್ ರೀಗಲ್ ಅನ್ನುವ ಅಮೆರಿಕದ ಎಂಜಿನಿಯರ್ 1977ರಲ್ಲಿ ಕೊಟ್ಟ ಸೂತ್ರ ಒಂದಿದೆ. ದೂರ ಎಷ್ಟು ಪಟ್ಟು ಹೆಚ್ಚಾಯಿತೋ ಅದಕ್ಕೆ 1.06ರ ಘಾತ ಹಾಕಿ ಹಳೆಯ ಸಮಯದಿಂದ ಗುಣಿಸುವುದು. 54 ನಿಮಿಷಕ್ಕೆ ಅದು 1 ಗಂಟೆ 59 ನಿಮಿಷ ಕೊಡುತ್ತದೆ. ನಾನು ಮುಗಿಸಿದ್ದೂ 1:59ರಲ್ಲೇ. ರೇಸ್ ದಾರಿಗಳನ್ನು ಸೈಕಲ್ಲಿನಲ್ಲಿ ಸರಿಯಾಗಿ ಅಳೆಯುವ ಕೆಲಸಕ್ಕೂ ಈ ರೀಗಲ್ ವರ್ಷಗಟ್ಟಲೆ ದುಡಿದವರು ಅಂತ ತಿಳಿದಾಗ ಖುಷಿಯಾಯಿತು. 1:51 ನಂಬಿ ಹೊರಟಿದ್ದರೆ ಮೊದಲ ಹತ್ತು ಕಿಲೋಮೀಟರಿನಲ್ಲೇ ದಣಿದುಬಿಡುತ್ತಿದ್ದೆ.

ಬ್ಯಾಟರಿ ಹೊಸದರಲ್ಲಿ ಇದ್ದಷ್ಟು ಈಗಿಲ್ಲ. ಹಾಫ್‌ಗೆ, ಲಾಂಗ್ ರನ್‌ಗೆ ಧಾರಾಳ ಸಾಕು. ವಾಚಿನ ಪಟ್ಟಿ ಒಮ್ಮೆ ಬದಲಿಸಿದ್ದೇನೆ. ಗಾಜಿನ ಮೇಲೆ ಗೀರುಗಳಿವೆ, ಓದಲು ತೊಂದರೆ ಇಲ್ಲ.

ಎರಡು ಬ್ಯಾಂಡಿನ ಹೊಸ ಮಾದರಿಗೆ ಹೋಗುತ್ತೀರಾ ಅಂತ ಜೊತೆಗೆ ಓಡುವವರು ಕೇಳುತ್ತಿರುತ್ತಾರೆ. ಕಟ್ಟಡಗಳ ನಡುವೆ ಅದು ಹೆಚ್ಚು ನೇರವಾದ ಗೆರೆ ಎಳೆಯುತ್ತದೆ, ಅವರ ಕೈಯಲ್ಲಿ ನೋಡಿದ್ದೇನೆ. ಆದರೂ ಜನರನ್ನು ಸುತ್ತಿಕೊಂಡು ಓಡಿದ ದೂರವನ್ನು ಯಾವ ವಾಚೂ ಕಡಿಮೆ ಮಾಡಿ ಕೊಡುವುದಿಲ್ಲ, ಫಲಕದ ಹತ್ತಿರ ಬಟನ್ ಒತ್ತುವ ಕೆಲಸ ಆಗಲೂ ಇರುತ್ತದೆ. ಈ ಸಲದ ದುಡ್ಡು ಶೂಗೆ. ಇರುವ ಜೋಡಿಯ ಹಿಮ್ಮಡಿ ಒಂದು ಬದಿಗೆ ಸವೆದಿದೆ, ಮುಂದಿನ ಹಾಫ್‌ನ ತಯಾರಿ ಶುರುವಾಗುವ ಮೊದಲು ಬದಲಿಸಬೇಕು.